ಛೇದ

ಎರಡು ಶನಿವಾರ, ಮಂಡ್ಯದ ತರಬೇತಿ ಕೊಠಡಿ.
ಇಪ್ಪತ್ತಮೂರು ವರ್ಷದ ಸರ್ವೀಸಿನ ಮೇಲೆ
ಮತ್ತೆ ಹಿಂದಿನ ಬೆಂಚು, ಮತ್ತೆ ಹೊಸ ನೋಟ್‌ಬುಕ್ಕು,
ಫ್ಯಾನಿಗೆ ಹಾರುವ ಹಾಳೆಗೆ ಮೊಬೈಲಿನ ಭಾರ.
ಮೈಸೂರಿಂದ ಬಂದ ಡಾಕ್ಟರ್ ಶಶಿರೇಖಾ
ಬೋರ್ಡಿನ ಮೇಲೊಂದು ಅಡ್ಡಗೆರೆ ಎಳೆದು ಕೇಳಿದರು:
ಮೇಲಿನದು ನಿಮಗೆಲ್ಲ ಗೊತ್ತು. ಕೆಳಗೆ ಯಾರಿದ್ದಾರೆ?

ಯಾರೂ ಬಾಯಿ ಬಿಡಲಿಲ್ಲ.
ಲ್ಯಾಬಿನ ಪುಟ್ಟಬಸವ ಮಾತ್ರ, ಮೆಲ್ಲಗೆ,
‘ಕೆಳಗೆ ಸೈನು, ಮೇಡಂ, ಸೀಲು’ ಅಂದ.
ನಕ್ಕೆವು. ಅವರೂ ನಕ್ಕರು. ಗೆರೆ ಹಾಗೇ ಉಳಿಯಿತು.

ಗೆರೆಯ ಮೇಲಿನವರನ್ನೇ ಎಣಿಸುತ್ತ ಬಂದವಳು ನಾನು:
ಚುಚ್ಚಿಸಿಕೊಂಡ ಮಕ್ಕಳು, ನುಂಗಿದ ಮಾತ್ರೆ,
ತಿಂಗಳ ಇಪ್ಪತ್ತೈದಕ್ಕೆ ಕೆಂಪು ಮಸಿಯಲ್ಲಿ
ನೂರಕ್ಕೆ ತೊಂಬತ್ತೆಂಟು.
ಆ ಎರಡು ಕೂಡ ನಾಚಿಕೆಗೆ ಬಿಟ್ಟದ್ದು,
ನೂರು ಅಂದರೆ ಜಿಲ್ಲೆಯವರು ನಂಬುವುದಿಲ್ಲವೆಂದು.

ಮಧ್ಯಾಹ್ನದ ಪಾಠ, ಕೇಳುವುದು ಹೇಗೆ.
‘ಮಾತ್ರೆ ತಗೊಂಡೆ ತಾನೆ?’ ಅನ್ನುವುದು ಪ್ರಶ್ನೆಯಲ್ಲವಂತೆ,
ಉತ್ತರವನ್ನೇ ಬಾಯಿಗಿಟ್ಟು ನೀರು ಕುಡಿಸುವುದಂತೆ.
ಎಷ್ಟು ಜಗಲಿಗಳ ಮೇಲೆ ಕೂತು ಕುಡಿಸಿದ್ದೇನೆ!
ಪಾಂಡವಪುರದ ತನಕ, ಬಸ್ಸಿನಲ್ಲಿ,
ಹಲ್ಲುಸಂದಿಗೆ ಸಿಕ್ಕ ಕಬ್ಬಿನ ಸಿಬಿರಿನಂಥ
ಆ ಒಂದು ‘ತಾನೆ’ಯನ್ನು ನಾಲಗೆಯಿಂದ ಕೀಳುತ್ತಿದ್ದೆ.

ನಿಂಗಾಜಮ್ಮನ ಸೊಸೆಯನ್ನು ಕೇಳಿದೆ:
‘ಮಾತ್ರೆ ಏನು ಮಾಡ್ದೆ?’ ಅಷ್ಟೆ. ಸುಮ್ಮನೆ ಕೂತೆ.
ಸುಮ್ಮನಿರುವುದು ಎಳೆಗೂಸಿಗೆ ಸೂಜಿ ಹಾಕುವುದಕ್ಕಿಂತ ಕಷ್ಟ.
ಹುಡುಗಿ ಹಿತ್ತಲ ಕರಿಬೇವು ತೋರಿಸಿದಳು.
‘ಹೊರಕ್ಕೋದ್ರೆ ಕರ್ರಗೆ ಬತ್ತಿತ್ತು, ಹೆದ್ರುಕೊಂಡೆ ಸಿಸ್ಟ್ರೇ,
ಬುಡುಕ್ಕೆ ಹಾಕ್ದೆ.’
ಗಿಡ ನಳನಳಿಸುತ್ತಿತ್ತು.
ನನ್ನ ಎಷ್ಟೋ ತಿಂಗಳ ತೊಂಬತ್ತೆಂಟು
ಒಗ್ಗರಣೆಗೆ ಹೋಗಿತ್ತು.

ಇನ್ನು ಮಾದರಿ. ಚೀಟಿ ಎತ್ತಬೇಕು.
ನನಗೆ ಬೇಕಿದ್ದದ್ದು ಡೈರಿ ಬೀದಿ, ಕಾಫಿ ಕೊಡುವ ಮನೆಗಳು.
ಹಿಟ್ಟಿನ ಡಬ್ಬಿಗೆ ಮನೆ ನಂಬರೆಲ್ಲ ತುಂಬಿ ಕುಲುಕಿ
ಆಶಾ ಸೌಭಾಗ್ಯಳ ಮಗ ಕಣ್ಣುಮುಚ್ಚಿ ಎತ್ತಿದ:
ಅರ್ಧಕ್ಕರ್ಧ ನಾಲೆಯ ಆಚೆ.
ಡಬ್ಬಿಗೆ ನನ್ನ ಮಂಡಿನೋವು ಗೊತ್ತಿರಲಿಲ್ಲ.

ಏರಿಯ ಮೇಲೆ ನಡೆವಾಗ, ಆಲೆಮನೆಯ ಹಿಂದೆ,
ಟಾರ್ಪಾಲಿನ ಒಂಬತ್ತು ಗುಡಿಸಲು.
ಇವರ ಚೀಟಿ ಡಬ್ಬಿಯಲ್ಲಿ ಇರಲೇ ಇಲ್ಲ.
ಎಷ್ಟು ಸಾರಿ ಕಣ್ಣುಮುಚ್ಚಿ ಎತ್ತಿದರೂ ಬಾರದವರು.
ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದ ಹುಲಿಗೆಮ್ಮ,
ಏಳು ತಿಂಗಳು, ಕೈಯಲ್ಲಿ ಮಚ್ಚು.
ತಾಯಿ ಕಾರ್ಡು ಕೇಳಿದರೆ ‘ಊರಾಗೈತ್ರಿ’ ಅಂದಳು,
ಆಮೇಲೆ ನಕ್ಕು,
‘ಇಲ್ಲಿ ನಮ್ಮನ್ಯಾರು ಬರ್ಕೊಂತಾರ್ರೀ?
ಕಬ್ಬಿಗಾದ್ರ ತೂಕ ಐತಿ.’

ಛೇದ: ಹೈಸ್ಕೂಲಿನ ಪದ.
ಕಡಿಯುವುದೂ ಅದೇ, ಗೆರೆಯ ಕೆಳಗಿರುವುದೂ ಅದೇ.
ಮೂರು ಸುಗ್ಗಿ ಈ ಏರಿಯ ಮೇಲೆ ಸ್ಕೂಟಿಯಲ್ಲಿ ಹಾದಿದ್ದೇನೆ,
ಹೊಗೆಗೆ ಕಣ್ಣು ಕಿರಿದುಮಾಡಿ.

ಒಪ್ಪಿಗೆಯ ಹಾಳೆ ಓದಿದೆ. ಬೇಡವೆನ್ನುವ ಹಕ್ಕು
ನಿನಗಿದೆ ಎನ್ನುವಲ್ಲಿ ತಡೆದಳು:
‘ಬ್ಯಾಡ ಅಂತ ಅನ್ನಬೌದಾ?’
ಆ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದಳು.
‘ಬರ್ಕೋರಿ. ಹೆಸರು ಮಾತ್ರ ಸರಿಯಾಗಿ ಬರೀರಿ.’
ಫಾರಮಿನಲ್ಲಿ ಹೆಸರಿಗೆ ಜಾಗವಿಲ್ಲ, ಗೋಪ್ಯತೆ;
ಅವಳು ಅಲ್ಲಿ ಬರಿಯ ನಲವತ್ತೊಂದು.
ಹೆಸರನ್ನು ನನ್ನ ಗರ್ಭಿಣಿಯರ ರಿಜಿಸ್ಟರಿಗೆ ಹತ್ತಿಸಿದೆ,
ಒತ್ತಕ್ಷರ ತಪ್ಪದಂತೆ.

ತಿಂಗಳ ಕೊನೆಗೆ ಅರವತ್ತಮೂರು.
‘ಏನಮ್ಮ, ಇಷ್ಟು ಇಳಿದಿದೆ?’ ಎಂದರು ನಮ್ಮ ಡಾಕ್ಟರು.
‘ಮೇಲೂ ಇಳೀತು ಸಾರ್, ಕೆಳಗೂ ಜನ ಬಂದ್ರು’ ಅಂದೆ.
ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಹುಲಿಗೆಮ್ಮನಿಗೆ ಮೂವತ್ತು ಮಾತ್ರೆ ಕೊಟ್ಟು ಬಂದಿದ್ದೇನೆ.
ಅವಳ ಗುಡಿಸಲ ಮುಂದೆ ಯಾವ ಗಿಡವೂ ಇಲ್ಲ.
ಏನು ಮಾಡಿದಳೋ,
ಹೋಗಿ ಕೇಳಬೇಕು.